ಬೋಳಾದ ಗೋಮಾಳದಲ್ಲಿ ಮತ್ತೆ ಹುಲ್ಲು ಬರಿಸುವುದು ಹೇಗೆ

ಜೂನ್ 5 ಬಂತು ಅಂದರೆ ಊರ ಗೋಮಾಳಕ್ಕೆ ಸಸಿ ತುಂಬಿದ ಟ್ರ್ಯಾಕ್ಟರ್ ಬರುತ್ತದೆ. ಗುಂಡಿ ತೋಡುತ್ತಾರೆ, ನೆಡುತ್ತಾರೆ, ಫೋಟೋ ತೆಗೆಯುತ್ತಾರೆ. ಯುಗಾದಿ ಹೊತ್ತಿಗೆ ಅಲ್ಲಿ ಒಣಕಡ್ಡಿಯೂ ಉಳಿದಿರುವುದಿಲ್ಲ. ಚಿತ್ರದುರ್ಗ, ತುಮಕೂರು, ಬಳ್ಳಾರಿ, ಕೊಪ್ಪಳದ ಕಡೆ ಇದನ್ನು ನೋಡದವರು ಕಡಿಮೆ.

ನಾನು ಹೇಳಬೇಕಿರುವುದು ಇಷ್ಟು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ನೆಲ ಕಳೆದುಕೊಂಡಿರುವುದು ಕಾಡನ್ನಲ್ಲ, ಹುಲ್ಲನ್ನು. ಹಾಗಾಗಿ ಮೊದಲ ಕೆಲಸ ಬಿದ್ದ ಮಳೆ ಅಲ್ಲೇ ಇಂಗುವಂತೆ ಮಾಡುವುದು. ಎರಡನೆಯದು ಹುಲ್ಲಿನ ಬುಡಕ್ಕೆ ಬಿಡುವು ಕೊಡುವುದು. ಬೀಜ ಆಮೇಲೆ. ಮರ ಎಲ್ಲಕ್ಕಿಂತ ಕೊನೆಗೆ.

ಕೆಂಪು ಮಣ್ಣಿನ, ಸ್ವಲ್ಪ ಇಳಿಜಾರಿರುವ, ನೂರು ಎಕರೆಯೊಳಗಿನ ಗೋಮಾಳವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಂತಗಳನ್ನು ಬರೆದಿದ್ದೇನೆ. ಎರೆ ಮಣ್ಣಾದರೆ ಏನು ಬದಲಾಗುತ್ತದೆ ಅಂತ ಅಲ್ಲಲ್ಲೇ ಹೇಳುತ್ತೇನೆ.

ಹಂತ 1: ಜಾಗ ಯಾರದು, ಮೇಯಿಸುವವರು ಯಾರು

ಪಹಣಿ ತೆಗೆಸಿ, ಸರ್ವೆ ನಕ್ಷೆ ಪಡೆಯಿರಿ, ಗಡಿ ಗುರುತಿಸಿ. ಒತ್ತುವರಿ ಇದ್ದರೆ ಅದು ಇನ್ನೊಂದು ಜಗಳ. ಅದು ಮುಗಿಯಲಿ ಅಂತ ಕಾಯಬೇಡಿ, ತಕರಾರಿಲ್ಲದ ಭಾಗದಲ್ಲಿ ಶುರು ಮಾಡಿ.

ಕಾಗದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಯಾವ ಮಂದೆ ಯಾವ ತಿಂಗಳು ಎಲ್ಲಿ ಮೇಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಮಧ್ಯಾಹ್ನ ಎಲ್ಲಿ ಮಲಗುತ್ತದೆ, ಹೊರಗಿನ ಕುರಿಗಾರರು ಯಾವಾಗ ಬಂದು ಹೋಗುತ್ತಾರೆ? ಇದು ದಿನಾ ಅಲ್ಲಿ ತಿರುಗುವವರಿಗೆ ಮಾತ್ರ ಗೊತ್ತು. ಕುರಿ ಕಾಯುವ ಹುಡುಗರಿಂದ ಹಿಡಿದು ದೇವರ ಎತ್ತು ನೋಡಿಕೊಳ್ಳುವ ಕಿಲಾರಿಗಳವರೆಗೆ ಎಲ್ಲರ ಜೊತೆ ಜಾಗ ಸುತ್ತಿ. ಎಲ್ಲಿ ಮುಚ್ಚಬೇಕು ಅಂತ ತೀರ್ಮಾನ ಮಾಡುವಾಗ ಇವರು ಹೊರಗಿದ್ದರೆ ನಿಮ್ಮ ಬೇಲಿ ಒಂದು ತಿಂಗಳೂ ನಿಲ್ಲುವುದಿಲ್ಲ. ಮಾತಾದ ಮೇಲೆ ಗ್ರಾಮಸಭೆಯಲ್ಲಿ ಠರಾವು ಬರೆಸಿ.

ಹಂತ 2: ನೆಲ ಓದುವುದು

ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ಬೇಕಾದದ್ದು ಆರು ಇಂಚು ಅಗಲದ ಪಿವಿಸಿ ಪೈಪಿನ ಒಂದು ತುಂಡು, ಸುತ್ತಿಗೆ, ಅರ್ಧ ಲೀಟರ್ ಬಾಟಲಿಗಳು, ಒಂದು ಗುದ್ದಲಿ.

ಮೊದಲು ಬೋಳು ಜಾಗದಲ್ಲಿ ಕೂತು ಮೇಲಿನ ಮಣ್ಣನ್ನು ಉಗುರಿನಿಂದ ಎಬ್ಬಿಸಿ. ತೆಳ್ಳಗೆ, ಚಕ್ಕೆಯ ಹಾಗೆ ಎದ್ದು ಬಂದರೆ ಅದು ಮಳೆಹನಿ ಹೊಡೆದು ಕಟ್ಟಿದ ಹೆಪ್ಪು. ಹುಲ್ಲಿನ ಹೊದಿಕೆ ಇಲ್ಲದ ಮಣ್ಣಿನ ಮೇಲೆ ಹನಿ ನೇರ ಬಿದ್ದಾಗ ಹರಳುಗಳು ಒಡೆಯುತ್ತವೆ. ನುಣ್ಣನೆಯ ಜೇಡಿ ಸಂದುಗಳಲ್ಲಿ ಕೂತು ಬಾಗಿಲು ಹಾಕಿಬಿಡುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ನೀರು ಮೇಲಿಂದಲೇ ಹರಿದು ಹೋಗುತ್ತದೆ. ಕೆಲವು ಕಡೆ ಕಪ್ಪಗೆ, ಒರಟಾಗಿ, ಒದ್ದೆಯಾದಾಗ ಹಸಿರು ಛಾಯೆ ಬರುವ ಇನ್ನೊಂದು ಪದರ ಕಾಣಬಹುದು. ಅದು ಜೀವಂತ ಪದರ, ಪಾಚಿ ಮತ್ತು ಕಲ್ಲುಹೂವಿನಂಥವು ಸೇರಿ ಮಣ್ಣು ಹಿಡಿದಿಟ್ಟದ್ದು. ಅದನ್ನು ಕೆದಕಬೇಡಿ, ಅದರ ಮೇಲೆ ಗಾಡಿ ಓಡಿಸಬೇಡಿ.

ಈಗ ಪೈಪನ್ನು ಎರಡು ಇಂಚು ನೆಲಕ್ಕೆ ಹೊಡೆದು 450 ಮಿಲಿಲೀಟರ್ ನೀರು ಹಾಕಿ. ಆ ಅಗಲದ ಪೈಪಿನಲ್ಲಿ ಅಷ್ಟು ನೀರು ಅಂದರೆ ಸುಮಾರು 25 ಮಿಲಿಮೀಟರ್ ಮಳೆಗೆ ಸಮ. ಇಂಗಲು ಎಷ್ಟು ನಿಮಿಷ ಹಿಡಿಯಿತು ಬರೆದುಕೊಳ್ಳಿ. ಅದೇ ಪೈಪನ್ನು ಹತ್ತಿರದ ಕಾರೆ ಅಥವಾ ಕವಳೆ ಪೊದೆಯ ಒಳಗೆ ಹೊಡೆದು ಅಷ್ಟೇ ನೀರು ಹಾಕಿ. ಪೊದೆಯೊಳಗಿನ ಮಣ್ಣು ಸಾಮಾನ್ಯವಾಗಿ ಬೇಗ ಕುಡಿಯುತ್ತದೆ. ಎರಡು ಸಮಯಗಳ ನಡುವಿನ ವ್ಯತ್ಯಾಸವೇ ನಿಮ್ಮ ಗೋಮಾಳ ಎಷ್ಟು ಕೆಟ್ಟಿದೆ, ಎಲ್ಲಿಯವರೆಗೆ ಸುಧಾರಿಸಬಹುದು ಅನ್ನುವುದರ ಲೆಕ್ಕ.

ಪೊದೆಯೊಳಗೆ ಹೇಗೂ ಕೈ ಹಾಕಿದ್ದೀರಿ, ಅಲ್ಲಿನ ಹುಲ್ಲನ್ನೂ ನೋಡಿ. ದನದ ಬಾಯಿಗೆ ಸಿಗದೆ ಮುಳ್ಳಿನ ನಡುವೆ ಉಳಿದುಕೊಂಡ ದಪ್ಪ ಬುಡದ ಹುಲ್ಲು, ಆ ಜಾಗದಲ್ಲಿ ಹಿಂದೆ ಏನಿತ್ತು ಅಂತ ಹೇಳುತ್ತದೆ. ಹಳೆಯ ಸ್ಮಶಾನ, ರೈಲು ಹಳಿಯ ಪಕ್ಕ, ದೇವರ ಬನ ಕೂಡ ಇಂಥ ಉಳಿಕೆ ಜಾಗಗಳೇ.

1973ರಲ್ಲಿ ದೇಶದ ಹುಲ್ಲುಗಾವಲುಗಳನ್ನು ಐದು ಬಗೆ ಮಾಡಿದಾಗ ದಖ್ಖನಿನ ಒಣನಾಡನ್ನು ಸೆಹಿಮಾ–ಡೈಕ್ಯಾಂಥಿಯಂ ಬಗೆಗೆ ಸೇರಿಸಿದರು. ಇವೆರಡೂ ದನ ಇಷ್ಟಪಟ್ಟು ತಿನ್ನುವ ಬಹುವರ್ಷದ ಹುಲ್ಲುಗಳು. ಮೇಯುವುದು ಜಾಸ್ತಿ ಆದಾಗ ಮೊದಲು ಇವು ಹೋಗುತ್ತವೆ. ಅವುಗಳ ಜಾಗಕ್ಕೆ ಊಬಿನ ಹುಲ್ಲು ಬರುತ್ತದೆ. ಅದೂ ಸೋತರೆ ಪೊರಕೆ ಕಟ್ಟುವ ಹಂಚಿಕಡ್ಡಿ ಹುಲ್ಲು ಮತ್ತು ಒಂದೇ ಮಳೆಗೆ ಹುಟ್ಟಿ ಸಾಯುವ ಸಣ್ಣ ಹುಲ್ಲುಗಳು. ಕೊನೆಗೆ ದನ ಮೂಸಿಯೂ ನೋಡದ ತಂಗಡಿ, ಬಂದರಿಕೆ, ಕಾಂಗ್ರೆಸ್ ಗಿಡ. ನಿಮ್ಮ ಜಾಗ ಈ ಇಳಿಕೆಯ ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ನೋಡಿ. ಊಬಿನ ಹುಲ್ಲು ಇನ್ನೂ ಅಲ್ಲಲ್ಲಿ ಇದ್ದರೆ ಬೀಜಕ್ಕೆ ದುಡ್ಡು ಹಾಕುವ ಅಗತ್ಯವೇ ಇರಲಿಕ್ಕಿಲ್ಲ. ಬಿಡುವು ಕೊಟ್ಟರೆ ಅದೇ ಹರಡುತ್ತದೆ.

ಇನ್ನೊಂದು ಗುರುತು: ಹುಲ್ಲಿನ ಬುಡಗಳು ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ, ಪೀಠದ ಮೇಲೆ ಕೂತ ಹಾಗೆ ಕಂಡರೆ ಸುತ್ತಲಿನ ಮಣ್ಣು ಕೊಚ್ಚಿ ಹೋಗಿದೆ ಅಂತ ಅರ್ಥ. ಬೆರಳಿಟ್ಟು ಅಳೆಯಿರಿ. ಎರಡು ಬೆರಳು ಮಣ್ಣು ಹೋಗಿರುವ ಕಡೆ ನೀರಿನ ಕೆಲಸ ಮೊದಲು ಆಗಬೇಕು.

ಹಂತ 3: ನೀರು ನಿಲ್ಲಿಸುವುದು

ಒಂದು ಎಕರೆ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80,000 ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 16 ಲೋಡು. ಹೆಪ್ಪುಗಟ್ಟಿದ ನೆಲದಲ್ಲಿ ಇದರಲ್ಲಿ ದೊಡ್ಡ ಪಾಲು ಹಳ್ಳ ಸೇರುತ್ತದೆ, ಜೊತೆಗೆ ಮೇಲ್ಮಣ್ಣು, ಸಗಣಿ, ಹುಲ್ಲಿನ ಬೀಜ ಎಲ್ಲವನ್ನೂ ಹೊತ್ತುಕೊಂಡು. ಬೀಜ ಹಾಕಿದರೂ ಹುಟ್ಟಲಿಲ್ಲ ಅನ್ನುವವರ ಬೀಜ ಎಷ್ಟೋ ಸಲ ಕೆರೆಯಲ್ಲಿರುತ್ತದೆ.

ಕೆಲಸ ಯಾವಾಗಲೂ ಮೇಲಿನಿಂದ, ಅಂದರೆ ದಿಣ್ಣೆಯ ಕಡೆಯಿಂದ ಶುರುವಾಗಲಿ. ಕೆಳಗೆ ದೊಡ್ಡ ಬದು ಹಾಕಿ ಮೇಲೆ ಬಿಟ್ಟರೆ ಮೊದಲ ಜೋರು ಮಳೆಗೇ ಒಡೆಯುತ್ತದೆ.

ಸಮಮಟ್ಟದ ಗೆರೆ ಹಾಕಲು ಯಂತ್ರ ಬೇಡ. ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಎರಡು ಕೋಲುಗಳಿಗೆ ಅಳತೆ ಗುರುತು ಮಾಡಿ ಪೈಪಿನ ಎರಡು ತುದಿ ಕಟ್ಟಿ. ಒಬ್ಬರು ನಿಂತಲ್ಲೇ ನಿಲ್ಲಲಿ, ಇನ್ನೊಬ್ಬರು ಐದು ಮೀಟರ್ ದೂರದಲ್ಲಿ ಮೇಲೆ ಕೆಳಗೆ ಸರಿದು ನೀರು ಎರಡೂ ಕಡೆ ಒಂದೇ ಗುರುತಿಗೆ ಬಂದಾಗ ಗೂಟ ಹೊಡೆಯಲಿ. ಹೀಗೆ ಮುಂದುವರಿಸಿ. ಆ ಗೆರೆಯ ಮೇಲೆ ಸಿಕ್ಕಿದ್ದನ್ನು ಹಾಕಿ: ಕಲ್ಲಿದ್ದರೆ ಒಂದು ಗೇಣು ಎತ್ತರದ ಕಲ್ಲಿನ ಸಾಲು, ಇಲ್ಲದಿದ್ದರೆ ಮುಳ್ಳುಕೊಂಬೆಯ ಸಾಲು. ಇದು ನೀರು ಕಟ್ಟುವ ಗೋಡೆ ಆಗಬೇಕಿಲ್ಲ. ಹರಿಯುವ ನೀರಿನ ವೇಗ ಇಳಿದು ಹೂಳು, ಕಸ, ಬೀಜ ಅಲ್ಲಿ ಕೂತರೆ ಸಾಕು. ಮೊದಲ ಹುಲ್ಲು ಆ ಸಾಲಿನ ಮೇಲ್ಬದಿಯಲ್ಲೇ ಹುಟ್ಟುತ್ತದೆ.

ಪೂರ್ತಿ ಬೋಳಾಗಿ, ಗುದ್ದಲಿ ಇಳಿಯದಷ್ಟು ಗಟ್ಟಿಯಾದ ಕಡೆ ಅರ್ಧಚಂದ್ರ ಗುಂಡಿ ಮಾಡಿ. ಮೂರು ನಾಲ್ಕು ಮೀಟರ್ ಅಗಲ, ಒಂದು ಗೇಣಿನೊಳಗಿನ ಆಳ. ತೆಗೆದ ಮಣ್ಣನ್ನು ಕೆಳಬದಿಯಲ್ಲಿ ಕಮಾನಾಗಿ ಹಾಕಿ, ಎರಡೂ ತುದಿ ಒಂದೇ ಮಟ್ಟದಲ್ಲಿರಲಿ. ಮುಂದಿನ ಸಾಲಿನ ಗುಂಡಿ ಎರಡರ ನಡುವಿನ ಸಂದಿಗೆ ಎದುರಾಗಿ ಬರಬೇಕು. ಆಫ್ರಿಕದ ನೈಜರ್, ಬುರ್ಕಿನಾ ಫಾಸೋ ಕಡೆಯ ರೈತರು ನಮಗಿಂತ ಕೆಟ್ಟ ನೆಲವನ್ನು ಹೀಗೆ ಮರಳಿ ಪಡೆದಿದ್ದಾರೆ. ಬುರ್ಕಿನಾ ಫಾಸೋದ ಯಾಕೂಬಾ ಸವಾಡೋಗೋ ಇಂಥದ್ದೇ ಸಣ್ಣ ಗುಂಡಿಗಳಿಗೆ ಗೊಬ್ಬರ ಹಾಕುವ ಹಳೆಯ ಪದ್ಧತಿ ಸುಧಾರಿಸಿ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. ಗುಂಡಿಯಲ್ಲಿ ಹುಲ್ಲುಕಡ್ಡಿ, ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಬರಲಿ ಬಿಡಿ. ಹೊಲದಲ್ಲಿ ಅದು ಶತ್ರು, ಇಲ್ಲಿ ಅಲ್ಲ. ಅದು ಕೊರೆಯುವ ಬಿಲಗಳಿಂದಲೇ ಹೆಪ್ಪು ಒಡೆದು ನೀರು ಒಳಗಿಳಿಯುತ್ತದೆ.

ಎರೆ ಮಣ್ಣಿನಲ್ಲಿ ಗುಂಡಿ ಬೇಡ. ಮಳೆಗಾಲದಲ್ಲಿ ನೀರು ನಿಂತು ಹುಲ್ಲು ಕೊಳೆಯುತ್ತದೆ. ಅಲ್ಲಿ ಕೊಂಬೆ ಸಾಲು, ಕಲ್ಲು ಸಾಲು ಅಷ್ಟೇ.

ಕೊರಕಲಿಗೆ ಅದರ ತಲೆಯ ಕಡೆಯಿಂದ ಮೊಣಕಾಲೆತ್ತರದ ಕಲ್ಲುಕಟ್ಟು ಹಾಕುತ್ತಾ ಬನ್ನಿ. ಮಧ್ಯ ತಗ್ಗಾಗಿ, ಎರಡು ಅಂಚು ಎತ್ತರವಾಗಿ ಇರಬೇಕು. ಇಲ್ಲದಿದ್ದರೆ ನೀರು ಪಕ್ಕದ ದಂಡೆ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ.

ಜೆಸಿಬಿ ಬಗ್ಗೆ ಒಂದು ಮಾತು. ಹುಲ್ಲು ಇರುವ ಜಾಗದಲ್ಲಿ ಉದ್ದುದ್ದ ಕಂದಕ ಹೊಡೆಸುವುದನ್ನು ನಾನು ಒಪ್ಪುವುದಿಲ್ಲ. ಬದುಕಿರುವ ಬುಡ ಕಿತ್ತು, ಕೆಳಗಿನ ಗರಸನ್ನು ಮೇಲೆ ತಂದು ಹಾಕಿದರೆ ಅಲ್ಲಿ ಹುಟ್ಟುವುದು ಕಳೆ. ಬಿಲ್ ಆಗುತ್ತದೆ, ಹುಲ್ಲು ಆಗುವುದಿಲ್ಲ.

ಹಂತ 4: ಬಳ್ಳಾರಿ ಜಾಲಿ

19ನೇ ಶತಮಾನದ ಕೊನೆಯ ಭಾಗದಲ್ಲಿ ಹೊರದೇಶದಿಂದ ತಂದ ಈ ಗಿಡ ಇವತ್ತು ಬಯಲುಸೀಮೆಯ ಅರ್ಧ ಗೋಮಾಳಗಳನ್ನು ತಿಂದಿದೆ ಅಂದರೆ ಹೆಚ್ಚೇನಲ್ಲ. ಹಾಗಂತ ಒಂದೇ ಸಲಕ್ಕೆ ಎಲ್ಲ ಕಡಿಯಲು ಹೋಗಬೇಡಿ. ಊರಿನ ಎಷ್ಟೋ ಮನೆಗಳ ಸೌದೆ ಅದು. ಜೊತೆಗೆ, ಕಡಿದ ಜಾಗದಲ್ಲಿ ಅದೇ ವರ್ಷ ಹುಲ್ಲು ಕೂರಿಸದಿದ್ದರೆ ಎರಡರಷ್ಟು ದಟ್ಟವಾಗಿ ಮತ್ತೆ ಬರುತ್ತದೆ. ಒಂದು ಮಳೆಗಾಲದಲ್ಲಿ ಎಷ್ಟು ಎಕರೆಗೆ ಬೀಜ ಹಾಕಲು ಸಾಧ್ಯವೋ ಅಷ್ಟು ಮಾತ್ರ ತೆಗೆಯಿರಿ.

ನೆಲಮಟ್ಟಕ್ಕೆ ಕಡಿದರೆ ಚಿಗುರುವುದು ಗ್ಯಾರಂಟಿ. ಚಿಗುರುವ ಕಣ್ಣುಗಳು ನೆಲದ ಕೆಳಗಿನ ಬುಡದಲ್ಲಿರುತ್ತವೆ. ಸುತ್ತ ಮಣ್ಣು ತೆಗೆದು ಒಂದು ಅಡಿ ಕೆಳಗೆ ಬೇರು ಕತ್ತರಿಸಿ ಎತ್ತಬೇಕು. ಕಡಿದ ಕೊಂಬೆ ಹಂತ 3ರ ಸಾಲಿಗೆ ಬರುತ್ತದೆ, ಆದರೆ ಕಾಯಿ ಇರುವ ಕೊಂಬೆ ಹಾಕಬೇಡಿ. ಮಾಗಿದ ಕಾಯಿ ತಿಂದ ದನ ಬೀಜವನ್ನು ಸಗಣಿಯಲ್ಲಿ ಎಲ್ಲೆಡೆ ಬಿತ್ತುತ್ತದೆ. ಕಾಯಿ ಆರಿಸಿ ಹಿಟ್ಟು ಮಾಡಿಸಿ ಹಾಕಿದರೆ ಬೀಜ ಪುಡಿಯಾಗುತ್ತದೆ, ಮೇವೂ ಆಗುತ್ತದೆ.

ಕಾರೆ, ಕವಳೆ, ಬೋರೆ ಪೊದೆಗಳನ್ನು ಕಳೆ ಅಂತ ಕಿತ್ತು ಹಾಕಬೇಡಿ. ಅವು ನಿಮ್ಮ ಬೀಜದ ಕಣಜ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕೀಳಿ, ಕೈಗೆ ಗವಸು ಹಾಕಿಕೊಂಡು.

ಹಂತ 5: ಬೀಜ

ಹೊರಗಿಂದ ಕೊಳ್ಳುವ ಮೊದಲು ನಿಮ್ಮ ಹತ್ತಿರದ ಉಳಿಕೆ ಜಾಗಗಳಿಂದ ಆರಿಸಿ. ಮಳೆಗಾಲ ಮುಗಿಯುತ್ತಾ ತೆನೆ ಒಣಗುವಾಗ ಕೈಯಿಂದ ಸವರಿದರೆ ಉದುರುವ ಬೀಜ ಬಲಿತದ್ದು. ಎಲ್ಲವನ್ನೂ ಬಳಿದುಕೊಳ್ಳಬೇಡಿ, ಅಲ್ಲಿಗೂ ಬಿಡಿ. ಗೋಣಿಚೀಲದಲ್ಲಿ ಒಣಗಿದ ಕಡೆ ಇಟ್ಟು ಮುಂದಿನ ಮುಂಗಾರಿಗೆ ಬಳಸಿ. ಹೊಸ ಬೀಜಕ್ಕಿಂತ ಕೆಲವು ತಿಂಗಳು ಕೂತ ಬೀಜವೇ ಚೆನ್ನಾಗಿ ಹುಟ್ಟುತ್ತದೆ. ಮೇವಿನ ಅಂಜನ್ ಹುಲ್ಲು, ಊಬಿನ ಹುಲ್ಲು ಎರಡಕ್ಕೂ ಈ ಸುಪ್ತಾವಸ್ಥೆ ಇದೆ. ಕೊಳ್ಳಲೇಬೇಕು ಅಂದರೆ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ, ಅಲ್ಲಿ ವಿಚಾರಿಸಿ.

ಊಬಿನ ಬೀಜವೊಂದನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ. ಹುರಿಗೊಂಡ ಕಂದು ಬಾಲ ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ. ಒಣಗಿದಾಗ ಮತ್ತೆ ಹುರಿಯಾಗುತ್ತದೆ. ಒಂದು ದಿನ ಮಳೆ, ಒಂದು ದಿನ ಬಿಸಿಲು ಸಿಕ್ಕರೆ ಹೀಗೇ ತಿರುಗಿ ತಿರುಗಿ ಬೀಜದ ಚೂಪು ಮೂತಿ ಮಣ್ಣಿನೊಳಗೆ ಕೊರೆದುಕೊಂಡು ಹೋಗುತ್ತದೆ. ಇದನ್ನು ಹೂಳುವ ಕೆಲಸ ನಿಮ್ಮದಲ್ಲ. ಮೇಲ್ಮಣ್ಣು ಒರಟಾಗಿದ್ದರೆ ಸಾಕು, ಎರಚಿ ಬಿಡಿ. ಕುರಿ ಉಣ್ಣೆಗೆ, ಚರ್ಮಕ್ಕೆ ಚುಚ್ಚುವುದೂ ಇದೇ ಮೂತಿ. ಅದಕ್ಕೇ ಕುರಿಗಾರರು ಇದು ಎಳೆಯದಿದ್ದಾಗ ಮೇಯಿಸಿ, ಊಬು ಬಂದ ಮೇಲೆ ಮಂದೆ ಬೇರೆ ಕಡೆ ಹೊಡೆಯುತ್ತಾರೆ.

ಅಂಜನ್ ಬೀಜ ಹಗುರ, ಅರಳೆಯಂತೆ ಗಾಳಿಗೆ ಹಾರುತ್ತದೆ. ಎಕರೆಗೆ ಎರಡು ಕೆಜಿ ತೆಗೆದುಕೊಂಡು ಒದ್ದೆ ಮರಳು ಅಥವಾ ಸಗಣಿ-ಜೇಡಿ ಜೊತೆ ಉಜ್ಜಿ ಚೆಲ್ಲಿ. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಮೇಲೆ ಬರುವುದು ಕಷ್ಟ. ಮುಳ್ಳಿನ ಕೊಂಬೆಯೊಂದನ್ನು ಎಳೆದುಕೊಂಡು ಹೋದರೆ ಬೇಕಾದಷ್ಟು ಮಣ್ಣು ಮುಚ್ಚುತ್ತದೆ. ಸ್ಟೈಲೋ ದ್ವಿದಳ ಮೇವು, ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ಆದರೆ ಅದು ಹೊರಗಿನ ಗಿಡ. ಊರ ಪಕ್ಕದ ಹಾಳು ಜಾಗಕ್ಕೆ ಸರಿ, ಹಳೆಯ ಕಾವಲಿನೊಳಗೆ, ಅಂದರೆ ಮೇವಿಗೆಂದೇ ಕಾದಿಟ್ಟ ಹುಲ್ಲುಗಾವಲಿನೊಳಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ನಮ್ಮದೇ ದ್ವಿದಳ ಗಿಡ ಕೊಗ್ಗಿ ಸಾಕು.

ಯಾವ ಮಳೆಗೆ ಬಿತ್ತಬೇಕು? ಮೇ ಕೊನೆಯ ರೋಹಿಣಿ ಮಳೆಗೆ ಬಿತ್ತಿ, ಮೊಳಕೆ ಬಂದು, ಜೂನ್ ಕೊನೆಯ ಆರಿದ್ರ ಕೈಕೊಟ್ಟರೆ ಎಲ್ಲ ಸುಟ್ಟುಹೋಗುತ್ತದೆ. ಚಿತ್ರದುರ್ಗದ ಕಡೆ ಗಟ್ಟಿ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹಾಗಾಗಿ ಬೀಜವನ್ನು ಎರಡು ಪಾಲು ಮಾಡಿ. ಒಂದು ಪಾಲು ಮುಂಗಾರು ನೆಲೆ ನಿಂತ ಮೇಲೆ, ಇನ್ನೊಂದು ಮಘೆ–ಹುಬ್ಬೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ–ಸೆಪ್ಟೆಂಬರ್ ಮೊದಲಿಗೆ.

ಬಿತ್ತುವ ಮೊದಲು ಬೋಳು ತುಂಡುಗಳ ಮೇಲೆ ಎರಡು ಮೂರು ರಾತ್ರಿ ಕುರಿ ಮಂದೆ ನಿಲ್ಲಿಸಿ. ಹೊಲಕ್ಕೆ ದುಡ್ಡು ಕೊಟ್ಟು ಮಂದೆ ಹಾಕಿಸುವುದು ಇದ್ದೇ ಇದೆ ಅಲ್ವಾ, ಇಲ್ಲೂ ಅದೇ. ಗೊರಸು ಹೆಪ್ಪು ಒಡೆಯುತ್ತದೆ, ಹಿಕ್ಕೆ ಗಂಜಲ ಬೀಳುತ್ತದೆ. ಆ ಮಂದೆ ಹಿಂದಿನ ವಾರ ಜಾಲಿ ಕಾಯಿ ಮೇಯ್ದು ಬಂದಿದೆಯೋ ಅಂತ ಮಾತ್ರ ಕೇಳಿಕೊಳ್ಳಿ.

ಹಂತ 6: ಬಿಡುವು ಮತ್ತು ಮೇಯಿಸುವ ಲೆಕ್ಕ

ಗೋಮಾಳ ಉಳಿಯುವುದೋ ಹೋಗುವುದೋ ಇಲ್ಲೇ ತೀರ್ಮಾನವಾಗುತ್ತದೆ.

ಹುಲ್ಲಿಗೆ ಎಲೆಯೇ ಅಡುಗೆಮನೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಇವತ್ತಿಗೂ ದಾರಿ ತೋರಿಸುತ್ತದೆ. ಎಲೆಯಲ್ಲಿ ಅರ್ಧ ಕತ್ತರಿಸಿದರೆ ಬೇರಿನ ಬೆಳವಣಿಗೆಗೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. 60% ತೆಗೆದರೆ ಅರ್ಧದಷ್ಟು ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. 80% ತೆಗೆದರೆ ಎಲ್ಲವೂ ನಿಲ್ಲುತ್ತದೆ. ನಮ್ಮ ಗೋಮಾಳಗಳಲ್ಲಿ ಮಳೆ ಬಿದ್ದು ಎರಡೆಲೆ ಬಂದ ಕೂಡಲೇ ಮಂದೆ ನುಗ್ಗುತ್ತದೆ, ಮೂರನೇ ದಿನ ಮತ್ತೆ ಬರುತ್ತದೆ. ಬೇರು ಪ್ರತಿ ಸಲ ಸ್ವಲ್ಪ ಗಿಡ್ಡ ಆಗುತ್ತಾ ಹೋಗಿ, ಮುಂದಿನ ಬರಕ್ಕೆ ಬುಡ ಸಾಯುತ್ತದೆ. ಹುಲ್ಲು ಸಾಯಲು ದನದ ಸಂಖ್ಯೆ ಎಷ್ಟು ಕಾರಣವೋ, ಅದು ಬರುವ ಹೊತ್ತೂ ಅಷ್ಟೇ ಕಾರಣ.

ಇದು ನಮಗೆ ಹೊಸ ವಿಷಯವಲ್ಲ. ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಅಮೃತ್ ಮಹಲ್ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ಬೇರೆ ಬೇರೆ ಇಟ್ಟಿದ್ದರು. ಒಂದರಲ್ಲಿ ದನ ಇದ್ದಾಗ ಇನ್ನೆರಡು ಬೆಳೆಯುತ್ತಿದ್ದವು.

ನಿಮ್ಮ ಗೋಮಾಳವನ್ನು ನಾಲ್ಕು ತುಂಡು ಮಾಡಿ. ಯಾವುದನ್ನು ಮೊದಲು ಮುಚ್ಚಬೇಕು ಅಂತ ಮೇಯಿಸುವವರೇ ಆರಿಸಲಿ. ಆ ತುಂಡು ರೋಹಿಣಿಯಿಂದ ಅಕ್ಟೋಬರ್ ಕೊನೆಯ ಸ್ವಾತಿ ಮಳೆಯವರೆಗೆ, ಬೀಜ ಉದುರುವ ತನಕ, ಪೂರ್ತಿ ಬಂದ್. ದೀಪಾವಳಿ ಕಳೆದ ಮೇಲೆ ಕುಡುಗೋಲು ಬಿಡಿ: ನಾಲ್ಕು ಬೆರಳು ಬುಡ ಉಳಿಸಿ ಕೊಯ್ದು ಹೊತ್ತುಕೊಂಡು ಹೋಗಲಿ. ಮುಂದಿನ ವರ್ಷ ಇನ್ನೊಂದು ತುಂಡು. ತೀರಾ ಬೋಳಾದ ತುಂಡಿಗೆ ಎರಡು ಮಳೆಗಾಲ ಬೇಕಾಗುತ್ತದೆ. ಇಡೀ ಗೋಮಾಳ ಒಟ್ಟಿಗೆ ಮುಚ್ಚಬೇಡಿ. ದನಕರು ಎಲ್ಲಿಗೆ ಹೋಗಬೇಕು? ಹಾದುಹೋಗುವ ಕುರಿಗಾರರಿಗೆ ದಾರಿ, ನೀರಿನ ಜಾಗ ಯಾವಾಗಲೂ ತೆರೆದಿರಲಿ. ತಂತಿಗೆ ಹಾಕುವ ದುಡ್ಡನ್ನು ಊರಿನವರೇ ಒಪ್ಪಿದ ಒಬ್ಬ ಕಾವಲುಗಾರನ ಸಂಬಳಕ್ಕೆ ಹಾಕುವುದು ಮೇಲು.

ಎಷ್ಟು ದನ ತಡೆಯುತ್ತದೆ? ಸ್ವಾತಿ ಮಳೆ ಮುಗಿದ ಮೇಲೆ ಒಂದು ಚದರ ಮೀಟರಿನ ಚೌಕ ಹತ್ತು ಕಡೆ ಇಟ್ಟು ಹುಲ್ಲು ಕೊಯ್ದು, ಒಣಗಿಸಿ, ತೂಗಿ. ಸರಾಸರಿ 100 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಎಕರೆಗೆ 400 ಕೆಜಿ ಆಯಿತು. ಅರ್ಧ ನೆಲಕ್ಕೆ ಬಿಟ್ಟರೆ 200 ಕೆಜಿ ದನಕ್ಕೆ. 250 ಕೆಜಿ ತೂಕದ ನಾಟಿ ಹಸು ದಿನಕ್ಕೆ ಸುಮಾರು 6 ಕೆಜಿ ಒಣಮೇವು ತಿನ್ನುತ್ತದೆ. ಅಂದರೆ ಎಕರೆಗೆ 33 ಹಸು-ದಿನ, ಒಂದು ಹಸುವಿಗೆ 33 ದಿನದ ಮೇವು. ನೂರು ಎಕರೆಯಲ್ಲಿ ಒಂಬತ್ತೇ ಹಸು ವರ್ಷವಿಡೀ ಬದುಕಬಹುದು!

ಈಗ ಇದನ್ನು ಸರ್ಕಾರಿ ಲೆಕ್ಕದ ಪಕ್ಕ ಇಡಿ. ಕರ್ನಾಟಕ ಭೂಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಮೇಲಿನ ಇಳುವರಿಯಲ್ಲಿ 30 ಎಕರೆ 100 ಹಸುಗಳಿಗೆ ಬರುವುದು ಹತ್ತು ದಿನಕ್ಕೆ. ಹೆಚ್ಚುವರಿ ಗೋಮಾಳ ಅಂತ ಹಂಚುವವರಿಗೆ ಈ ಲೆಕ್ಕ ಯಾರಾದರೂ ತೋರಿಸಬೇಕು. ಹಾಗಾಗಿ ಬರೀ ಗೋಮಾಳವನ್ನೇ ನಂಬಬೇಡಿ. ಜೋಳದ ದಂಟು, ಶೇಂಗಾ ಹೊಟ್ಟು, ಹೊಲದ ಕೂಳೆ ಎಲ್ಲ ಸೇರಿಸಿ ಊರ ಮೇವಿನ ಲೆಕ್ಕ ಬರೆಯಿರಿ. ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ಒಣಮೇವು ಹಾಕಿ ದನ ಹಿಡಿದಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಗೋಮಾಳಕ್ಕೆ ಇಲ್ಲ.

ಹಂತ 7: ಮರ

ಗಡಿಗುಂಟ, ಹಳ್ಳದ ಅಂಚಿಗೆ, ದನ ಮಲಗುವ ಜಾಗಕ್ಕೆ ಮಾತ್ರ. ಬನ್ನಿ, ಬಿಳಿಜಾಲಿ, ಕಮರ, ಬೋರೆ, ಬೇವು ಸಾಕು. ನೆಡುವ ಮೊದಲು ಹಳೆಯ ಮೋಟುಗಳನ್ನು ಹುಡುಕಿ. ಅವುಗಳ ಚಿಗುರಿನಲ್ಲಿ ಗಟ್ಟಿಯಾದ ಒಂದೆರಡು ಉಳಿಸಿ ಮಿಕ್ಕಿದ್ದು ಸವರಿದರೆ, ಈಗಾಗಲೇ ಆಳಕ್ಕಿಳಿದ ಬೇರಿನ ಮೇಲೆ ಮರ ಏಳುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಬಯಲು ಹುಲ್ಲುಗಾವಲನ್ನು ನೀಲಗಿರಿ ತುಂಬಿಕೊಂಡಿತು. ಬಯಲನ್ನೇ ನಂಬಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಅಲ್ಲಿ ನೆಲೆ ಇಲ್ಲದಾಯಿತು. ಹಸಿರು ಜಾಸ್ತಿ ಕಂಡ ಮಾತ್ರಕ್ಕೆ ನೆಲ ಸುಧಾರಿಸಿದೆ ಅಂತಲ್ಲ.

ಹಂತ 8: ಅಳೆಯುವುದು, ಬರದ ವರ್ಷ ನಿಭಾಯಿಸುವುದು

ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರ, ಹಸ್ತ ಮಳೆಯ ಹೊತ್ತಿಗೆ ಒಂದೇ ಗೆರೆಯಲ್ಲಿ ನೂರು ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಗೂ ಕಾಲಿನ ಹೆಬ್ಬೆರಳ ತುದಿಯಲ್ಲಿ ಏನಿದೆ ಬರೆಯಿರಿ: ಬೋಳು, ಕಲ್ಲು, ಒಣಕಸ, ಬಹುವರ್ಷದ ಹುಲ್ಲು, ಒಂದು ಮಳೆಯ ಹುಲ್ಲು, ಕಳೆ. ನೂರರಲ್ಲಿ ಎಷ್ಟು ಅಂತ ನೇರ ಸಿಗುತ್ತದೆ. ಪೈಪಿನ ಪರೀಕ್ಷೆಯನ್ನೂ ಅದೇ ಜಾಗದಲ್ಲಿ ಮತ್ತೆ ಮಾಡಿ. ಮೊದಲ ವರ್ಷ ಹಸಿರಿನ ಬದಲು ಬೋಳಿನ ಸಂಖ್ಯೆ ನೋಡಿ. ಒಣಕಸ ಹೆಚ್ಚಿ ಬೋಳು ಇಳಿದಿದ್ದರೆ ದಾರಿ ಸರಿ ಇದೆ. ಕಳೆ ಹೆಚ್ಚಿದ್ದರೆ ಗಾಬರಿ ಬೇಡ, ಮೊದಲ ಮಳೆಗಾಲದಲ್ಲಿ ಅದೇ ಮುಂದಾಗುತ್ತದೆ.

ಐದು ವರ್ಷದಲ್ಲಿ ಒಂದೆರಡು ಮಳೆ ಕೈಕೊಡುವ ವರ್ಷ ಇದ್ದೇ ಇರುತ್ತದೆ. ಆ ವರ್ಷ ಬೀಜ ಚೀಲದಲ್ಲೇ ಇರಲಿ. ಮೇವಿನ ಕೊರತೆ ಕಾಣಿಸಿದ ಕೂಡಲೇ ಸಭೆ ಕರೆದು ಯಾರು ಎಷ್ಟು ತಲೆ ಇಳಿಸಬಹುದು ಅಂತ ಮಾತಾಡಿ, ದನ ಬಡಕಲಾಗಿ ಬೆಲೆ ಬಿದ್ದ ಮೇಲೆ ಅಲ್ಲ. ಮುಚ್ಚಿದ ತುಂಡನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಿರಿ, ಅದೂ ಹುಲ್ಲು ಒಣಗಿದ ಮೇಲೆ. ಒಣಗಿದ ಹುಲ್ಲು ಮೇಯ್ದರೆ ಬುಡಕ್ಕೆ ಆಗುವ ಪೆಟ್ಟು ಹಸಿರಿನಲ್ಲಿ ಮೇಯ್ದದ್ದಕ್ಕಿಂತ ತುಂಬಾ ಕಡಿಮೆ. ಹಾಗೆ ತೆರೆದ ತುಂಡಿಗೆ ಮುಂದಿನ ಮಳೆಗಾಲ ಪೂರ್ತಿ ಬಿಡುವು ಕೊಡಬೇಕು ಅನ್ನುವುದನ್ನು ಅದೇ ಸಭೆಯ ಠರಾವಿನಲ್ಲಿ ಬರೆಸಿಬಿಡಿ.